ಕರೆಂಟು ಬಿಲ್ಲು ಇಳಿಸುವುದು ಹೇಗೆ? ವಯರ್‌ಮ್ಯಾನ್ ಅಣ್ಣನಲ್ಲಿ ಕೇಳಿ

ಅಡ್ಮಿನ್: ನಮ್ಮ ಕಾಸರಗೋಡು ಜಿಲ್ಲೆಯ (ಕೇರಳ) ಬದಿಯಡ್ಕದ ವಯರ್‌ಮ್ಯಾನ್ ಅಣ್ಣ ಇವತ್ತು ಸಂಜೆ ಗ್ರೂಪಿನಲ್ಲಿದ್ದಾರೆ. ಹೆಚ್ಚು ಖರ್ಚಿಲ್ಲದೆ ಕರೆಂಟು ಉಳಿಸುವ ಬಗ್ಗೆ ಮಾತ್ರ ಕೇಳಿ.

ಕುಂಬಳೆಯ ಅಕ್ಕ: ಕಡಿಮೆ ಕರೆಂಟು ಎಳೆಯುವ ಬಿಎಲ್‌ಡಿಸಿ ಫ್ಯಾನಿಗೆ ಹಾಕಿದ ದುಡ್ಡು ಹುಟ್ಟುತ್ತದಾ ಅಣ್ಣ?

ವಯರ್‌ಮ್ಯಾನ್: ದಿನವಿಡೀ ತಿರುಗುವ ಫ್ಯಾನಾದರೆ ಹೌದು. ಹಳೆಯದು 75 ವ್ಯಾಟ್ ಎಳೆದರೆ ಇದು 30ರ ಆಸುಪಾಸು. ದಿನಕ್ಕೆ 15 ಗಂಟೆ ಓಡಿದರೆ ಎರಡು ತಿಂಗಳ ಬಿಲ್ಲಿನಲ್ಲಿ ಸುಮಾರು 40 ಯೂನಿಟ್ ಕಡಿಮೆ. ನೆಂಟರು ಬಂದಾಗ ಮಾತ್ರ ಹಾಕುವ ಕೋಣೆಗೆ ಬೇಡ. ಇದನ್ನು ಹಾಕಿಸುವಾಗ ಹಳೆಯ ರೆಗ್ಯುಲೇಟರ್ ತೆಗೆಸಿ.

ನೀರ್ಚಾಲಿನ ಮಾಸ್ಟ್ರು: ಎರಡು ತಿಂಗಳಿಗೊಮ್ಮೆ ರೀಡಿಂಗ್ ತೆಗೆಯುವುದೇ ನಮ್ಮನ್ನು ಹೆಚ್ಚು ದರದ ಸ್ಲ್ಯಾಬಿಗೆ ಹಾರಿಸಲಿಕ್ಕಂತೆ. ಮೆಸೇಜ್ ಫಾರ್ವರ್ಡ್ ಮಾಡಿದ್ದೇನೆ.

ವಯರ್‌ಮ್ಯಾನ್: ಸ್ಲ್ಯಾಬೂ ದುಪ್ಪಟ್ಟು ಮಾಡಿಯೇ ಲೆಕ್ಕ ಮಾಸ್ಟ್ರೇ. ಹೆದರಬೇಕಾದ್ದು ಬೇರೆ ಉಂಟು. ತಿಂಗಳಿಗೆ 250, ಅಂದರೆ ಬಿಲ್ಲಿನಲ್ಲಿ 500 ದಾಟಿತೋ, ಮೊದಲ ಯೂನಿಟಿನಿಂದಲೇ ಮೇಲಿನ ದರ. 510 ಬರುವ ಮನೆಗೆ ಒಂದು ಫ್ಯಾನು ಬದಲಿಸಿದರೂ ದೊಡ್ಡದು.

ಪೆರ್ಲದ ಭಾವ: ಗಡಿ ದಾಟಿ ಕರ್ನಾಟಕದ ವಿಟ್ಲಕ್ಕೆ ಹೋದರೆ 200 ಯೂನಿಟ್ ಪುಕ್ಕಟೆ ಮಾರಾಯ್ರೆ!

ವಿಟ್ಲದ ಚಿಕ್ಕಮ್ಮ: ಎಲ್ಲರಿಗೂ 200 ಅಲ್ಲ. ಹಿಂದಿನ ಸರಾಸರಿಗೆ ಶೇ. 10 ಸೇರಿಸಿ ಅಷ್ಟೇ ಪುಕ್ಕಟೆ.

ಪೆರ್ಲದ ಭಾವ: ನಮಗೆ ಅದೂ ಇಲ್ಲವಲ್ಲ.

ಅಡ್ಮಿನ್: ರಾಜಕೀಯ ಬೇಡ.

ಅಡೂರಿನವಳು: ಅಣ್ಣ, ಹಿಂದಿನ ಸಲ 220 ಯೂನಿಟ್ ಇದ್ದದ್ದು ಈ ಸಲ 530. ಎಲ್ಲ ಸ್ವಿಚ್ ಆಫ್ ಮಾಡಿದರೂ ಮೀಟರಿನ ಕೆಂಪು ದೀಪ ಮಿನುಗುತ್ತದೆ. ಬಚ್ಚಲ ಟ್ಯಾಪು ಮುಟ್ಟಿದರೆ ಸಣ್ಣಕ್ಕೆ ಜುಂ ಅಂತದೆ. ಮಳೆಗೆ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಬೀಳುತ್ತಿತ್ತು, ಒಬ್ಬರು ಅದನ್ನು ತಪ್ಪಿಸಿ ಡೈರೆಕ್ಟ್ ಕೊಟ್ಟಿದ್ದಾರೆ. ಫ್ರಿಡ್ಜ್ ಬದಲಿಸುವುದಾ?

ವಯರ್‌ಮ್ಯಾನ್: ಫ್ರಿಡ್ಜ್ ಅಲ್ಲಿರಲಿ ತಂಗೀ. ಈಗಲೇ ಬೋರ್ಡಿನಲ್ಲಿ ಪಂಪಿನ ಎಂಸಿಬಿ ಸ್ವಿಚ್ಚು ಇಳಿಸಿ. ಕೈ ಒಣಗಿರಲಿ, ಕಾಲಿಗೆ ರಬ್ಬರ್ ಚಪ್ಪಲಿ. ಟ್ಯಾಪು ಮುಟ್ಟಬೇಡಿ, ಮಕ್ಕಳನ್ನು ಬಚ್ಚಲಿಗೆ ಬಿಡಬೇಡಿ. ಮಿನುಗುವುದು ನಿಲ್ಲದಿದ್ದರೆ ಮೈನ್ ಸ್ವಿಚ್ಚೇ ಆಫ್. ಒಂದು ರಾತ್ರಿ ಕತ್ತಲಲ್ಲಿ ಕೂತರೆ ಏನೂ ಆಗುವುದಿಲ್ಲ.

ಎಲ್ಲ ಆಫ್ ಇದ್ದೂ ಮೀಟರ್ ಓಡಿ, ಟ್ಯಾಪೂ ಜುಂ ಅಂದರೆ ಕರೆಂಟು ಎಲ್ಲೋ ನೆಲಕ್ಕೆ ಇಳಿಯುತ್ತಿದೆ. ಪಂಪಿನ ಸ್ವಿಚ್ಚನ್ನು ಫೇಸಿಗೆ (ಕರೆಂಟು ಬರುವ ವಯರಿಗೆ) ಹಾಕುವ ಬದಲು ನ್ಯೂಟ್ರಲಿಗೆ (ವಾಪಸು ಹೋಗುವ ವಯರಿಗೆ) ಹಾಕಿದ ಹಳೆಯ ಮನೆಗಳುಂಟು. ಅಲ್ಲಿ ಸ್ವಿಚ್ ಆಫ್ ಆದರೂ ಬಾವಿಯೊಳಗಿನ ವಯರಿನಲ್ಲಿ ಫೇಸ್ ಇದ್ದೇ ಇರುತ್ತದೆ. ಜಾಯಿಂಟಿನ ಟೇಪು ಬಿಟ್ಟರೆ ನೀರಿಗೆ, ಪೈಪಿಗೆ. ಒಂದು ಆಂಪಿಯರ್ ಸೋರಿದರೂ ದಿನಕ್ಕೆ ಐದೂವರೆ ಯೂನಿಟ್, ಎರಡು ತಿಂಗಳಿಗೆ 330. ನಿಮ್ಮ ಲೆಕ್ಕ ಅದರ ಹತ್ತಿರವೇ ಬರುತ್ತದೆ. ಇಎಲ್‌ಸಿಬಿ ಬಿದ್ದದ್ದು ಅದರ ದೋಷ ಅಲ್ಲ. 30 ಮಿಲಿ ಆಂಪಿಯರ್ ಸೋರಿದರೆ ಬೀಳಲಿಕ್ಕೆಂದೇ ಅದನ್ನು ಹಾಕುವುದು. ಡೈರೆಕ್ಟ್ ಕೊಟ್ಟವನನ್ನು ಇನ್ನು ಬೋರ್ಡಿನ ಹತ್ತಿರ ಬಿಡಬೇಡಿ.

ಪೆರ್ಲದ ಭಾವ: ಅರ್ತ್ ಗುಂಡಿಗೆ ಉಪ್ಪುನೀರು ಹೊಯ್ದರೆ ಸರಿಯಾಗುತ್ತದಂತೆ. ವಿಡಿಯೋ ಹಾಕಿದ್ದೇನೆ.

ವಯರ್‌ಮ್ಯಾನ್: ವಿಡಿಯೋ ಮಾಡಿದವನು ಬಂದು ಅದೇ ಬಚ್ಚಲಲ್ಲಿ ಸ್ನಾನ ಮಾಡಿ ತೋರಿಸಲಿ. ಡಿಲೀಟ್ ಮಾಡಿ.

ಉಪ್ಪಳದವ: 3 ಕಿಲೋವ್ಯಾಟ್ ಸೋಲಾರಿಗೆ 78,000 ಸಬ್ಸಿಡಿ ಉಂಟಲ್ಲ, ಸಾಲ ಮಾಡಿ ಹಾಕಬಹುದಾ?

ನೀರ್ಚಾಲಿನ ಮಾಸ್ಟ್ರು: ಪ್ಲಗ್ಗಿಗೆ ಸಿಕ್ಕಿಸುವ ಪವರ್ ಸೇವರ್ ಡಬ್ಬಿ? ಅರ್ಧಕ್ಕರ್ಧ ಉಳಿಯುತ್ತದಂತೆ.

ವಯರ್‌ಮ್ಯಾನ್: ಒಳಗೆ ಒಂದು ಕೆಪಾಸಿಟರ್, ಹೊರಗೆ ಒಂದು ಹಸಿರು ದೀಪ. ಅದರಿಂದ ಮನೆಯ ಮೀಟರಿನ ಯೂನಿಟ್ ಇಳಿಯುವುದಿಲ್ಲ. ದಂಡ.

ಮುಳ್ಳೇರಿಯದವ: ಗೀಸರಿಗೆ ಬದಲು ಏನು?

ಪೆರ್ಲದ ಭಾವ: ಅಡಿಕೆ ಸಿಪ್ಪೆ, ಮಡಲು ರಾಶಿ ಬಿದ್ದಿರುವಾಗ ಗೀಸರ್ ಎಂತಕ್ಕೆ? ಹಂಡೆಗೆ ಬೆಂಕಿ ಹಾಕಿ.

ಕುಂಬಳೆಯ ಅಕ್ಕ: ಒಲೆ ಊದುವುದು ನೀವಾ?

ಪೆರ್ಲದ ಭಾವ: ನಮ್ಮ ಅಮ್ಮ ಊದಲಿಲ್ವಾ?

ಕುಂಬಳೆಯ ಅಕ್ಕ: ಅವರಿಗೆ ಕೆಮ್ಮು ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿ.

ಅಡ್ಮಿನ್: ಇಬ್ಬರೂ ಸಾಕು.

ವರ್ಕಾಡಿಯವರು: ತಾರಸಿ ಮನೆ, ರಾತ್ರಿ ಫ್ಯಾನು ಬಿಸಿಗಾಳಿಯನ್ನೇ ಹೊಡೆಯುತ್ತದೆ. ಎಸಿ ಹಾಕಿಸಿಯೇ ಬಿಡುವುದಾ?

ವಯರ್‌ಮ್ಯಾನ್: ಹಗಲಿಡೀ ಕಾದ ಸ್ಲ್ಯಾಬು ರಾತ್ರಿ ಬಿಸಿ ಬಿಡುತ್ತದೆ. ಮೊದಲು ಮೇಲೆ ಬಿಳಿ ಬಳಿಯಿರಿ. ಶೀಟು ಹಾಕಿದ್ದರೆ ಎರಡು ಬದಿಯೂ ಗಾಳಿಗೆ ತೆರೆದಿರಲಿ. ಎಸಿ ಆಮೇಲೆ.

ನೀರ್ಚಾಲಿನ ಮಾಸ್ಟ್ರು: ಮೀಟರಿಗೆ ಅಯಸ್ಕಾಂತ ಇಟ್ಟರೆ ನಿಧಾನವಂತೆ, ನಿಜವಾ?

ವಯರ್‌ಮ್ಯಾನ್: ಅದು ಕಳ್ಳತನ ಮಾಸ್ಟ್ರೇ. ವಿದ್ಯುತ್ ಕಾಯ್ದೆಯ ಸೆಕ್ಷನ್ 135. ಮಕ್ಕಳಿಗೆ ಪಾಠ ಹೇಳಿದವರು ನೀವು.

ನೀರ್ಚಾಲಿನ ಮಾಸ್ಟ್ರು: ಕೇಳಿದ್ದಷ್ಟೇ. ಇಷ್ಟು ಖಾರ ಬೇಡ.

ಅಡೂರಿನವಳು: ಪಂಪಿನ ಎಂಸಿಬಿ ಇಳಿಸಿದೆ, ಮಿನುಗು ನಿಂತಿತು! ನೀರಿಗೆ ಬಾವಿಗೆ ಕೊಡಪಾನ ಇಳಿಸಬಹುದಾ?

ವಯರ್‌ಮ್ಯಾನ್: ಬೇಡ. ವಯರು ಬೋರ್ಡಿನಿಂದ ಬಿಚ್ಚುವ ತನಕ ಬಾವಿಯ ಹತ್ತಿರವೇ ಹೋಗಬೇಡಿ, ಪಕ್ಕದ ಮನೆಯಿಂದ ತನ್ನಿ. ನಾಳೆ ಬೆಳಿಗ್ಗೆ ಮೊದಲು ನಿಮ್ಮಲ್ಲಿಗೇ ಬರುತ್ತೇನೆ.

ಮಂಜೇಶ್ವರದವ: ಈಗ ಸೇರಿದ್ದು. ಬಿಎಲ್‌ಡಿಸಿ ಫ್ಯಾನು ಒಳ್ಳೆದಾ?

ವಯರ್‌ಮ್ಯಾನ್: ಮೇಲೆ ನೋಡಿ.