ಟೊಯೊಕಾವಾ ಇನಾರಿಯಲ್ಲಿ ಚಪ್ಪಾಳೆ ತಟ್ಟಬೇಕಾ?

ಪ್ರಶ್ನೆ
ನಮಸ್ಕಾರ. ಮುಂದಿನ ವಾರ ಅಮ್ಮನನ್ನು ಜಪಾನಿನ ನಗೋಯಾದಿಂದ ಟೊಯೊಕಾವಾ ಇನಾರಿಗೆ ಕರೆದುಕೊಂಡು ಹೋಗ್ತಿದ್ದೇನೆ. ಫೋಟೊದಲ್ಲಿ ತೋರಿ ಕಮಾನು, ನರಿಗಳೆಲ್ಲ ಇವೆ, ಶಿಂತೋ (ಜಪಾನಿನ ಮೂಲ ಧರ್ಮ) ಗುಡಿ ಅಂದುಕೊಂಡಿದ್ದೆ. ನಕ್ಷೆಯಲ್ಲಿ ನೋಡಿದರೆ ಮ್ಯೋಗೊನ್‌ಜಿ ಅಂತ ಬೌದ್ಧ ದೇವಾಲಯದ ಹೆಸರು! ಅಮ್ಮ ಎಲ್ಲಿಗೆ ಹೋದರೂ ಅಲ್ಲಿನ ಕ್ರಮ ತಪ್ಪಬಾರದು ಅನ್ನುವವರು. ಶಿಂತೋ ಗುಡಿಯ ಹಾಗೆ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೆ ಬಾಗಬೇಕಾ? ಇಲ್ಲ ಬರೀ ಕೈ ಮುಗಿದರೆ ಸಾಕಾ?

ಉತ್ತರ 1
ಚಪ್ಪಾಳೆ ಬೇಡ, ಸದ್ದಿಲ್ಲದೆ ಕೈ ಮುಗಿಯಿರಿ. ಮೊದಲ ಸಲ ಹೋದಾಗ ನಾನೂ ತೋರಿ ಕಮಾನು ನೋಡಿ ಚಪ್ಪಾಳೆಗೆ ಕೈ ಎತ್ತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ ಅಂಗೈ ಜೋಡಿಸಿ, ಕಣ್ಣು ಮುಚ್ಚಿ ನಿಂತಿದ್ದರು. ಅವರನ್ನು ನೋಡಿ ಕೈ ಇಳಿಸಿದೆ.

ಇದು 1441ರಲ್ಲಿ ಶುರುವಾದ ಸೋತೋ ಝೆನ್ ಎಂಬ ಬೌದ್ಧ ಪಂಥದ ದೇವಾಲಯ. ಜನ ಇನಾರಿ ಅಂತ ಪೂಜಿಸುವುದು ದಾಕಿನಿ ಶಿನ್‌ತೆನ್ ಎಂಬ ದೇವತೆಯನ್ನು. ಹೌದು, ನಮ್ಮ ಡಾಕಿನಿಯೇ. ಬಿಳಿ ನರಿಯ ಮೇಲೆ, ಹೆಗಲಲ್ಲಿ ಭತ್ತದ ತೆನೆ ಹೊತ್ತು ಬರುತ್ತಾಳೆ. ಶಿಂತೋದ ಇನಾರಿಯೂ ಭತ್ತದ ದೇವರು, ಅವನ ದೂತನೂ ನರಿ. ಹಾಗಾಗಿ ಜನರ ಮನಸ್ಸಲ್ಲಿ ಇಬ್ಬರೂ ಒಂದಾದರು. 1868ರಲ್ಲಿ ಮೇಜಿ ಸರ್ಕಾರ ಬುದ್ಧನನ್ನೂ ಶಿಂತೋ ದೇವರುಗಳನ್ನೂ ಬೇರ್ಪಡಿಸಿ ಅಂತ ಆಜ್ಞೆ ಮಾಡಿದರೂ ಇದು ಬೌದ್ಧ ದೇವಾಲಯವಾಗಿಯೇ ಉಳಿಯಿತು. ಕ್ಯೋತೋದ ಫುಶಿಮಿ ಇನಾರಿಗೆ ಹೋದರೆ ಮಾತ್ರ ಧಾರಾಳವಾಗಿ ಚಪ್ಪಾಳೆ ತಟ್ಟಿ, ಅದು ಶಿಂತೋದ್ದೇ.

ಇಲ್ಲಿಯ ಮಂತ್ರ ಕಿವಿಗೆ ಬಿದ್ದರೆ ಕೊನೆಯ ಪದಕ್ಕೆ ಕಾಯಲು ಅಮ್ಮನಿಗೆ ಹೇಳಿ: 'ಸೊವಾಕಾ'. ಅದು 'ಸ್ವಾಹಾ'! ಅದು ತಿಳಿದ ದಿನ ನನಗೆ ಮೈ ಜುಮ್ಮೆಂದಿತ್ತು.

ಉತ್ತರ 2
ದೇವಾಲಯದ ಆವರಣದಲ್ಲೇ ಇರುವ ರೇಯ್ಕೊಜುಕಾ ಎಂಬ ಜಾಗ ನೋಡದೆ ಬಿಡಬೇಡಿ. ಹರಕೆ ತೀರಿದವರು ಒಪ್ಪಿಸಿದ ಕಲ್ಲಿನ ನರಿಗಳು, ಕೊರಳಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಸಾಲುಸಾಲಾಗಿ ಕೂತಿವೆ. ಬೆಳಿಗ್ಗೆ ಬೇಗ ಹೋದರೆ ಆ ಮೌನ ಸಿಗುತ್ತದೆ.
ಅಮ್ಮ ಸಸ್ಯಾಹಾರಿಯಾದರೆ ಎದುರಿನ ಬೀದಿಯ ಇನಾರಿಝುಶಿ (ಕರಿದ ತೋಫು ಚೀಲದಲ್ಲಿ ತುಂಬಿದ ಅನ್ನ) ಕೊಳ್ಳುವ ಮೊದಲು ವಿಚಾರಿಸಿ. ಹೊರಗಿನದು ತೋಫುವೇ, ಆದರೆ ಅದನ್ನು ಬೇಯಿಸುವ ದಾಶಿ ಎಂಬ ಸಾರಿನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ತುಂಬಾ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ. 'ಸೊವಾಕಾ, ಸ್ವಾಹಾ' ಅಂತ ನಾಲ್ಕು ಸಲ ಹೇಳಿಕೊಂಡರು. ಒಳಗೆ ಹೋಗುವ ಮುಂಚೆ ಕೈ ತೊಳೆಯುವುದು ಇಲ್ಲಿಯೂ ಇದೆಯಾ ಅಂತ ಕೇಳ್ತಿದ್ದಾರೆ.

ಉತ್ತರ 1
ಇದೆ. ಸೌಟಿನಲ್ಲಿ ನೀರು ತಗೊಂಡು ಮೊದಲು ಎಡಗೈ, ಆಮೇಲೆ ಬಲಗೈ. ಬಾಯಿ ಮುಕ್ಕಳಿಸುವುದಾದರೆ ಎಡ ಅಂಗೈಗೆ ನೀರು ಹಾಕಿಕೊಳ್ಳಿ, ಸೌಟಿಗೆ ಬಾಯಿ ತಾಗಿಸಬಾರದು.