ಮೂಡಿಗೆರೆ ಮನೆ ಗುಂಪಿನಲ್ಲಿ ಪ್ರಿನ್ಸ್ ಜಗಳ

ಮಧು: (ಫಾರ್ವರ್ಡ್) ಪ್ರಿನ್ಸ್ ಆಫ್ ಪರ್ಷಿಯಾ, ದಿ ಸ್ಯಾಂಡ್ಸ್ ಆಫ್ ಟೈಮ್ ರೀಮೇಕ್ ರದ್ದು. 2026ರ ಜನವರಿಯಲ್ಲಿ ಯೂಬಿಸಾಫ್ಟ್ ಕಂಪನಿಯ ಪ್ರಕಟಣೆ.

ಮಧು: ಮುಗೀತು. 2020ರ ಸೆಪ್ಟೆಂಬರ್‌ನಲ್ಲಿ ಟ್ರೇಲರ್ ಬಿಟ್ಟವರು ಐದು ವರ್ಷ ಕಾಯಿಸಿ ಕೈ ಎತ್ತಿದರು.

ಸುಮಾ ಅತ್ತೆ: ರದ್ದು ಅಂತ ನೋಡಿ ಯಾರದೋ ಮದುವೆ ಅಂದ್ಕೊಂಡೆ ಕಣೋ. ಎದೆ ಹೊಡ್ಕೊಳ್ತು.

ಸಿಂಚನ: ಅತ್ತೆ, ಅದು ಗೇಮ್ 😂

ರವಿ ಚಿಕ್ಕಪ್ಪ: ರದ್ದಾಗಿದ್ದು ಒಳ್ಳೆಯದೇ ಆಯ್ತು ಬಿಡು.

ಮಧು: ಹಾಗಂದ್ರೆ ಹೇಗೆ ಚಿಕ್ಕಪ್ಪ? ಪುಣೆ, ಮುಂಬೈ ಸ್ಟುಡಿಯೋದವರು ಶುರು ಮಾಡಿದ್ದ ಕೆಲಸ ಅದು. ಅಷ್ಟು ದೊಡ್ಡ ಹೆಸರಿನ ಆಟ ನಮ್ಮವರ ಕೈಗೆ ಸಿಕ್ಕಿತ್ತು. ಗ್ರಾಫಿಕ್ಸ್ ಹಳೇ ಕಾಲದ್ದು ಅಂತ ಟ್ರೇಲರ್ ನೋಡಿದವರು ಬೈದರು. 2022ರಲ್ಲಿ ಅದನ್ನು ಕೆನಡಾದ ಮಾಂಟ್ರಿಯಲ್ ಸ್ಟುಡಿಯೋಗೆ ಕೊಟ್ಟರು. ಅಲ್ಲೂ ಮುಗಿಯಲಿಲ್ಲ.

ರವಿ ಚಿಕ್ಕಪ್ಪ: 2003ರ ಆಟವನ್ನೇ ಸುಣ್ಣ ಬಳಿದು ಮತ್ತೆ ಮಾರೋದಕ್ಕೆ ಇಷ್ಟು ಗೋಳು ಯಾಕೆ? ಹಳೆಯದು ನಿನ್ನ ಹತ್ರ ಇದೆಯಲ್ಲ, ಅದನ್ನೇ ಆಡು.

ಮಧು: ನಿಮಗೆ 1989ರ ಮೊದಲ ಪ್ರಿನ್ಸ್ ಬಿಟ್ಟರೆ ಯಾವುದೂ ಆಟವೇ ಅಲ್ಲ.

ರವಿ ಚಿಕ್ಕಪ್ಪ: ಅಲ್ವೇ ಅಲ್ಲ! ಆ ಆಟ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ನೆಗೆಸಿ, ವಿಡಿಯೋ ತೆಗೆದು, ಒಂದೊಂದೇ ಚಿತ್ರ ನೋಡಿ ಆ ಓಟ ಬಿಡಿಸಿದ್ದ. ಅದಕ್ಕೇ ಆ ಹುಡುಗನಿಗೆ ಮೈಭಾರ ಇತ್ತು. ಓಡಿ ಬಂದವನು ತಕ್ಷಣ ನಿಲ್ಲೋಕಾಗಲ್ಲ, ಒಂದೆರಡು ಹೆಜ್ಜೆ ಜಾರ್ತಾನೆ. ಮುಂದೆ ಮುಳ್ಳಿದ್ದರೆ ಕತೆ ಮುಗೀತು. ರಾಜಕುಮಾರಿನ ಬಿಡಿಸೋಕೆ ಇರೋದು ಒಂದು ಗಂಟೆ. ಸತ್ತರೆ ಆ ಲೆವೆಲ್ ಮೊದಲಿಂದ, ಗಡಿಯಾರ ಮಾತ್ರ ಹಿಂದೆ ಹೋಗಲ್ಲ. ಹಾಸನದ ಕಂಪ್ಯೂಟರ್ ಕ್ಲಾಸಲ್ಲಿ ಕರೆಂಟ್ ಹೋದರೆ ರಾಜಕುಮಾರಿಯೂ ಹೋದಳು ಅಂತಲೇ ಲೆಕ್ಕ.

ರವಿ ಚಿಕ್ಕಪ್ಪ: ಕೆಲವರು ಆಗಿನ ಡಾಸ್ ಕಂಪ್ಯೂಟರ್‌ನಲ್ಲಿ ‘ಪ್ರಿನ್ಸ್ ಮೆಗಾಹಿಟ್’ ಅಂತ ಟೈಪ್ ಮಾಡಿ, ಶಿಫ್ಟ್ ಎಲ್ ಒತ್ತಿ ಲೆವೆಲ್ ಹಾರಿಸ್ತಿದ್ದರು. ನಾನು ಅಂಥವನಲ್ಲ.

ಮಧು: ನನಗೆ ಅದನ್ನು ಹೇಳಿಕೊಟ್ಟವರು ಯಾರು ಚಿಕ್ಕಪ್ಪ?

ರವಿ ಚಿಕ್ಕಪ್ಪ: ವಿಷಯಕ್ಕೆ ಬಾ. ನಿನ್ನ ಸ್ಯಾಂಡ್ಸ್‌ನಲ್ಲಿ ಬಿದ್ದರೆ ಕಠಾರಿ ಒತ್ತಿ ಸಮಯ ಹಿಂದಕ್ಕೆ ತಗೋಬಹುದು. ಭಯ ಎಲ್ಲಿ ಉಳೀತು? 2008ರದ್ದರಲ್ಲಂತೂ ಬಿದ್ದವನನ್ನು ಜೊತೆಗಾರ್ತಿ ಎಲಿಕಾ ಪ್ರತಿ ಸಲ ಎಳೆದು ಮೇಲೆ ಬಿಡ್ತಾಳೆ. ಸಾಯೋ ಹಾಗೇ ಇಲ್ಲ!

ಮಧು: 2008ರದ್ದು ನನಗೂ ಬೇಡ. ಆದರೆ ಕಠಾರಿಯಲ್ಲಿ ಮರಳು ಖಾಲಿಯಾದರೆ ಸಮಯ ಹಿಂದೆ ಹೋಗಲ್ಲ. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬೇಕು ಅನ್ನೋದೇ ಆಟ. ಮತ್ತೆ ಜೊತೆಗೆ ಹೋರಾಡೋ ಫರಾ ಇದ್ದಾಳೆ. ಇಡೀ ಕತೆ ರಾಜಕುಮಾರ ತಾನೇ ಹೇಳ್ತಾ ಹೋಗ್ತಾನೆ. ನಿಮ್ಮ ರಾಜಕುಮಾರಿ ಒಂದು ಇಲಿ ಕಳಿಸೋದು ಬಿಟ್ಟರೆ ಏನು ಮಾಡಿದಳು?

ರವಿ ಚಿಕ್ಕಪ್ಪ: ಆ ಇಲಿ ಬರದಿದ್ದರೆ ಎಂಟನೇ ಲೆವೆಲ್ ಬಾಗಿಲು ತೆಗೆಯೋರು ಯಾರು? ಇಲಿ ಬಗ್ಗೆ ಮಾತಾಡಬೇಡ.

ಸಿಂಚನ: ನಿಮ್ಮಿಬ್ಬರ ಜಗಳಕ್ಕೂ 2024ರ ಜನವರಿಯಲ್ಲೇ ಉತ್ತರ ಬಂದಿದೆ. ದಿ ಲಾಸ್ಟ್ ಕ್ರೌನ್, ಇದೇ ಪ್ರಿನ್ಸ್ ಸರಣಿಯ ಆಟ. ಚಿಕ್ಕಪ್ಪನ ಆಟದ ಹಾಗೆ ಪಕ್ಕದಿಂದ ನೋಡೋದು. ಕಾಫ್ ಪರ್ವತ, ಸಿಮುರ್ಗ್ ಹಕ್ಕಿ, ಎಲ್ಲಾ ಪರ್ಷಿಯಾದ ಪುರಾಣದ್ದೇ. ಪಾತ್ರಗಳು ಪರ್ಷಿಯನ್ ಭಾಷೆಯಲ್ಲೇ ಮಾತಾಡೋ ಹಾಗೆ ಹಾಕ್ಕೋಬಹುದು. ಈ ಸರಣಿಯಲ್ಲಿ ಅದೇ ಮೊದಲು. ಇಷ್ಟು ವರ್ಷ ಪರ್ಷಿಯಾದ ರಾಜಕುಮಾರ ಇಂಗ್ಲಿಷ್ ಮಾತಾಡ್ಕೊಂಡೇ ಇದ್ದ, ಯಾರಿಗೂ ವಿಚಿತ್ರ ಅನ್ನಿಸಲೇ ಇಲ್ಲ ನೋಡಿ.

ಮಧು: ಅದರಲ್ಲಿ ನಾಯಕ ರಾಜಕುಮಾರನೇ ಅಲ್ಲವಲ್ಲ.

ಸಿಂಚನ: ಹೌದು ಮಧಣ್ಣ, ಸರ್ಗೋನ್ ಅಂತ ಒಬ್ಬ ಯೋಧ. ಅಪಹರಣ ಆಗೋದೇ ರಾಜಕುಮಾರ. ಅದೇ ಚೆನ್ನಾಗಿರೋದು.

ರವಿ ಚಿಕ್ಕಪ್ಪ: ಅವನು ಗಾಳಿಯಲ್ಲಿದ್ದಾಗಲೇ ಇನ್ನೊಂದು ಸಲ ನೆಗೀತಾನಾ?

ಸಿಂಚನ: ಅರ್ಧ ಆಟ ಆದ ಮೇಲೆ ಆ ಶಕ್ತಿ ಸಿಗುತ್ತೆ.

ರವಿ ಚಿಕ್ಕಪ್ಪ: ಮನುಷ್ಯನೇನೇ ಅವನು?

ಸಿಂಚನ: ಒಂದು ಸಲ ಆಡಿ ನೋಡಿ, ಆಮೇಲೆ ಬೈರಿ. ಆಡಿದವರೆಲ್ಲ ಹೊಗಳಿದರು. ಆದರೂ ಅದೇ ವರ್ಷ ಆ ತಂಡವನ್ನು ಬೇರೆ ಬೇರೆ ಆಟಗಳಿಗೆ ಹಂಚಿಬಿಟ್ಟರು. ನನಗೆ ಸಿಟ್ಟು ಇರೋದು ಅದಕ್ಕೆ. ಚೆನ್ನಾಗಿ ಮಾಡಿದವರಿಗೆ ಎರಡನೇ ಭಾಗ ಕೊಡಲಿಲ್ಲ, ಆಗದ ರೀಮೇಕ್‌ಗೆ ಐದು ವರ್ಷ ಸುರಿದರು.

ಮಧು: ಯೂಬಿಸಾಫ್ಟ್‌ನ ಇನ್ನೊಂದು ಆಟ ಅಸ್ಯಾಸಿನ್ಸ್ ಕ್ರೀಡ್ ಹುಟ್ಟಿದ್ದೇ ಪ್ರಿನ್ಸ್‌ನ ಮುಂದಿನ ಭಾಗ ಮಾಡೋಕೆ ಹೋಗಿ. 2007ರಿಂದ ಅದು ದುಡ್ಡು ತರೋಕೆ ಶುರು ಮಾಡ್ತು. ದುಡಿಯೋ ಮಗ ಬಂದ ಮೇಲೆ ಅಪ್ಪನನ್ನು ಜಗಲಿಗೆ ಕೂರಿಸಿದ ಹಾಗೆ ಇವನನ್ನು ಕೂರಿಸಿದರು.

ದೊಡ್ಡಪ್ಪ: ಯಾರೋ ಅದು ಅಪ್ಪನನ್ನು ಜಗಲಿಗೆ ಕೂರಿಸಿದ್ದು?

ಮಧು: ಆಟದ ವಿಷಯ ದೊಡ್ಡಪ್ಪ. ನಿಮಗಲ್ಲ.

ರವಿ ಚಿಕ್ಕಪ್ಪ: ಸಿಂಚನ ಹೇಳಿದ್ದರಲ್ಲಿ ಒಂದು ಮಾತು ಒಪ್ತೀನಿ. ಸಣ್ಣ ತಂಡಕ್ಕೆ ಕೊಡಲಿ. ನನಗೆ ಬೇಕಿರೋದು ಒಂದು ಕೋಟೆ, ಒಂದು ಗಂಟೆ, ಒಂದು ಕತ್ತಿ. ಊರೆಲ್ಲಾ ಅಲೆಯೋ ಮ್ಯಾಪ್ ಬೇಡ, ನೂರು ಗಂಟೆ ಬೇಡ. ಸಂಜೆ ಕೂತರೆ ಊಟದ ಹೊತ್ತಿಗೆ ಗೆಲ್ಲಬೇಕು, ಇಲ್ಲಾ ಸೋಲಬೇಕು.

ಸಿಂಚನ: ಒಂದು ಗಂಟೆ ಆಟಕ್ಕೆ ದುಡ್ಡು ಕೊಡೋರು ಯಾರು ಚಿಕ್ಕಪ್ಪ? ಕಂಪನಿ ಅದನ್ನು ಮಾಡಲ್ಲ. ಆದರೆ ಮೆಕ್ನರ್ 2012ರಲ್ಲಿ ಆಪಲ್ ಕಂಪ್ಯೂಟರ್‌ಗೆ ಬರೆದ ಆ ಹಳೆಯ ಆಟದ ಸೋರ್ಸ್ ಕೋಡ್, ಅಂದ್ರೆ ಮೂಲ ಪ್ರೋಗ್ರಾಂ, ಎಲ್ಲರಿಗೂ ಸಿಗೋ ಹಾಗೆ ಹಾಕಿದ್ದಾನೆ. ಅಭಿಮಾನಿಗಳು ಡಾಸ್ ಆಟವನ್ನು ಈಗಿನ ಕಂಪ್ಯೂಟರ್‌ನಲ್ಲಿ ಓಡಿಸ್ತಾರೆ, ಹೊಸ ಲೆವೆಲ್ಲೂ ಮಾಡ್ತಾರೆ. ಸೆಮಿಸ್ಟರ್ ಮುಗಿದ ಮೇಲೆ ನಾನೂ ಒಂದು ಮಾಡ್ತೀನಿ.

ರವಿ ಚಿಕ್ಕಪ್ಪ: ಮಾಡು. ಮುಳ್ಳು ಜಾಸ್ತಿ ಇರಲಿ. ಅದನ್ನು ಓಡಿಸೋದು ಹೇಗೆ ಅಂತ ಕಳಿಸು.

ಸುಮಾ ಅತ್ತೆ: ಕಣದಲ್ಲಿ ಕಾಫಿ ಹರಡಿದೆ, ಇಲ್ಲಿ ಮೋಡ ಕವೀತಿದೆ. ರವಿ, ಫೋನ್ ಇಟ್ಟು ಬಂದು ಟಾರ್ಪಾಲ್ ಹಿಡಿ.

ರವಿ ಚಿಕ್ಕಪ್ಪ: ಬಂದೆ ಅಕ್ಕ.

ಮಧು: ಏನೇ ಆಗಲಿ, ರೀಮೇಕ್ ಬರಬೇಕಿತ್ತು.