ಆರ್‌ಎಕ್ಸ್ 100 ಸೀಜ್ ಆಗಿದೆ: ಮೊದಲು ಬೋರೋ, ಪಿಸ್ಟನ್ನೋ?

ಪ್ರಶ್ನೆ (ಮುಳಬಾಗಿಲು): ಅಣ್ಣಾ, ಕೋಲಾರದಿಂದ ಬರುವಾಗ ಹೈವೇಯಲ್ಲಿ ನನ್ನ ಯಮಹಾ ಆರ್‌ಎಕ್ಸ್ 100 ಬೈಕ್ ಸೀಜ್ ಆಯಿತು, ಪಿಸ್ಟನ್ ಒಳಗೇ ಹಿಡಿದುಕೊಂಡಿತು. ಬ್ಲಾಕ್ (ಸಿಲಿಂಡರ್) ಬಿಚ್ಚಿದರೆ ಒಳಗೆ ಉದ್ದುದ್ದ ಗೀರು. ಇಲ್ಲಿನ ಮೆಕ್ಯಾನಿಕ್ ಒಬ್ಬರು ನೇರವಾಗಿ 1 ಎಂಎಂ ಬೋರ್ ಹಾಕಿಸು, ಅಂದರೆ ಸಿಲಿಂಡರ್ ಅಷ್ಟು ದೊಡ್ಡದಾಗಿ ಕೊರೆಸು, ಪಿಕಪ್ಪೂ ಜಾಸ್ತಿ ಆಗುತ್ತೆ, ಪಿಸ್ಟನ್ ಆಮೇಲೆ ತಂದರಾಯಿತು ಅಂತಾರೆ. ಮಾಡಿಸಲಾ?

ಉತ್ತರ (ಕೋಲಾರ, ಬೋರಿಂಗ್ ಕೆಲಸ): ಬೇಡ ತಮ್ಮಾ. ಪಿಸ್ಟನ್ ಕೈಗೆ ಬರದೆ ಬೋರ್ ಹಾಕಿಸಬೇಡ. ಬಾಕ್ಸ್ ಮೇಲೆ ಒಂದೇ ಸೈಜ್ ಬರೆದಿದ್ದರೂ ಪಿಸ್ಟನ್‌ನಿಂದ ಪಿಸ್ಟನ್‌ಗೆ 0.01, 0.02 ಎಂಎಂ ಹೆಚ್ಚುಕಮ್ಮಿ ಇರಬಹುದು. ಪಿಸ್ಟನ್ನಿಗೂ ಗೋಡೆಗೂ ನಡುವೆ ನಾವು ಬಿಡುವ ಸಂದೇ ಸುಮಾರು 0.04 ಎಂಎಂ. ಹಾಗಾಗಿ ನಿನ್ನ ಪಿಸ್ಟನ್ನಿನ ಸ್ಕರ್ಟ್‌ಗೆ (ಕೆಳಭಾಗಕ್ಕೆ) ಮೈಕ್ರೋಮೀಟರ್ ಹಿಡಿದು, ಆ ಅಳತೆಗೆ ತಕ್ಕಂತೆ ಬ್ಲಾಕ್ ಕೊರೆಯಬೇಕು.

ಇನ್ನು 1 ಎಂಎಂ ಯಾಕೆ ಬೇಡ ಅಂದರೆ, ಸ್ಟ್ಯಾಂಡರ್ಡ್ ಬೋರ್ 50 ಎಂಎಂ, ಸ್ಟ್ರೋಕೂ (ಪಿಸ್ಟನ್ ಓಡುವ ದೂರ) 50, ಒಟ್ಟು 98 ಸಿಸಿ. 51 ಮಾಡಿದರೆ 102 ಸಿಸಿ, ಅಷ್ಟೇ. ಅದರಲ್ಲಿ ಎಂಥ ಪಿಕಪ್? ಆಮೇಲೆ ಇನ್ನೊಮ್ಮೆ ಸೀಜ್ ಆದರೆ ಸ್ಲೀವ್ (ಒಳಗೆ ಹೊಸ ಕೊಳವೆ) ಹೊಡೆಸುವುದೇ ಗತಿ. 0.25, 0.50, 0.75 ಎಂಎಂ ದೊಡ್ಡ ಪಿಸ್ಟನ್‌ಗಳು ಇರುವುದು ಸುಮ್ನೆ ಅಲ್ಲ. ಬೋರ್ ಗೇಜ್‌ನಿಂದ ಮೇಲೆ, ನಡುವೆ, ಕೆಳಗೆ ಅಡ್ಡ-ಉದ್ದ ಎರಡೂ ಕಡೆ ಅಳೆದು, ಗೀರು ಪೂರ್ತಿ ಹೋಗುವ ಮೊದಲ ಸೈಜಿಗೆ ನಿಲ್ಲಿಸು. ಕೆಲವು ಸಲ ಗೀರು ಅಂತ ಕಾಣುವುದು ಗೋಡೆಗೆ ಅಂಟಿದ ಪಿಸ್ಟನ್ನಿನ ಅಲ್ಯೂಮಿನಿಯಂ ಅಷ್ಟೇ ಆಗಿರುತ್ತೆ, ಅದನ್ನೂ ನೋಡಿಸು.

ಪ್ರಶ್ನೆ (ಬಂಗಾರಪೇಟೆ): ಸರ್, ಮಧ್ಯೆ ಬಂದೆ. ನನ್ನದೂ ಅದೇ ಗಾಡಿ. ಬೋರ್ ಆಗಿ ಬಂದಿದೆ, ಜೋಡಿಸುವ ಮುಂಚೆ ಏನು ನೋಡಬೇಕು?

ಉತ್ತರ: ಸಿಲಿಂಡರ್ ಗೋಡೆಯ ಪೋರ್ಟ್‌ಗಳ (ಗ್ಯಾಸ್ ಹೋಗಿಬರುವ ಕಿಂಡಿಗಳ) ಅಂಚು ಬೆರಳಲ್ಲಿ ಸವರಿ ನೋಡಿ. ಬೋರ್ ಆದ ಮೇಲೆ ಬ್ಲೇಡಿನಂತೆ ಚೂಪಾಗಿರುತ್ತೆ, ಅದನ್ನು ಮೊಂಡು ಮಾಡದಿದ್ದರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತೆ. ಟೂ ಸ್ಟ್ರೋಕ್‌ನಲ್ಲಿ ಜಾಸ್ತಿ ಜನ ಮರೆಯುವ ಕೆಲಸ ಇದೇ. ರಿಂಗನ್ನು ಬೋರ್ ಒಳಗೆ ಹಾಕಿ, ಪಿಸ್ಟನ್‌ನಿಂದ ನೇರ ತಳ್ಳಿ, ಬಾಯಿಯ ಸಂದು ಫೀಲರ್ ಗೇಜ್‌ನಲ್ಲಿ ನೋಡಿ, 0.2 ಎಂಎಂ ಆಸುಪಾಸು ಇದ್ದರೆ ಸರಿ. ಹೋನಿಂಗ್ (ಕೊರೆದ ಮೇಲೆ ಕಲ್ಲಿನಿಂದ ಉಜ್ಜುವ ಕೆಲಸ) ಗೆರೆಗಳು ಒಂದನ್ನೊಂದು ಅಡ್ಡ ಹಾಯ್ದಿರಬೇಕು, ಆಯಿಲ್ ನಿಲ್ಲುವುದು ಅಲ್ಲೇ. ಕನ್ನಡಿಯಂತೆ ಹೊಳೆದರೆ ವಾಪಸ್ ಕೊಡಿ. ಬರೀ ಪೆಟ್ರೋಲಿನಲ್ಲಿ ತೊಳೆದರೆ ಹೋನಿಂಗ್ ಪುಡಿ ಹೋಗಲ್ಲ, ಬಿಸಿನೀರು ಸೋಪು ಹಾಕಿ ಉಜ್ಜಿ, ಒರೆಸಿ, ತಕ್ಷಣ ಆಯಿಲ್ ಸವರಿ. ಪಿಸ್ಟನ್ ತಲೆಯ ಬಾಣ ಸೈಲೆನ್ಸರ್ ಕಡೆ. ಪಿಸ್ಟನ್ ಪಿನ್ ಹಿಡಿಯುವ ಸರ್ಕ್ಲಿಪ್ ಹೊಸದೇ ಹಾಕಿ, ಹಳೇದು ಬೇಡ.

ಪ್ರಶ್ನೆ (ಮುಳಬಾಗಿಲು): ಅಣ್ಣಾ, ಹೊಸ ಕಿಟ್ ಹಾಕಿದ ಮೇಲೆ ಮತ್ತೆ ಸೀಜ್ ಆಗಲ್ವಾ?

ಉತ್ತರ: ಕಾರಣ ಹುಡುಕದೆ ಹಾಕಿದರೆ ಆಗೇ ಆಗುತ್ತೆ. ಆಯಿಲ್ ಪಂಪ್ ನಿಜವಾಗಿ ಎಳೆಯುತ್ತಿದೆಯಾ, ಪೈಪಿನಲ್ಲಿ ಗಾಳಿ ನಿಂತಿದೆಯಾ ನೋಡು. ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಸೀಲ್ (ಗಾಳಿ ತಡೆಯುವ ರಬ್ಬರ್ ಬಳೆ) ಹೋಗಿದ್ದರೆ ಎಂಜಿನ್ ಅಲ್ಲಿಂದ ಗಾಳಿ ಎಳೆದುಕೊಂಡು ಪೆಟ್ರೋಲ್ ಸಾಲದೆ ಬಿಸಿಯಾಗುತ್ತೆ, ಕಾರ್ಬ್ಯುರೇಟರ್ ಎಷ್ಟು ತಿರುಗಿಸಿದರೂ ಸರಿಹೋಗಲ್ಲ. ಸೀಲಿಗೆ ಖರ್ಚು ಜಾಸ್ತಿ ಇಲ್ಲ, ಬಿಚ್ಚಿದಾಗಲೇ ಎರಡೂ ಕಡೆ ಬದಲಾಯಿಸಿಬಿಡು. ಹೊಸದರಲ್ಲಿ ಹೈವೇಗೆ ಇಳಿದು ಫುಲ್ ಥ್ರಾಟಲ್ ತಿರುಗಿಸಬೇಡ.